ರೋಗಿಯ ಹೊರರೂಪವನ್ನು ಓದುವ ಬಗೆ

ರೋಗಿಯ ಬಳಿಗೆ ಹೋದೊಡನೆ ನಾವೆಲ್ಲರೂ “ಹೇಗಿದ್ದೀರಿ?” ಎಂದು ಕೇಳುತ್ತೇವೆ. ನುರಿತ ದಾದಿಯಾದರೋ ಬಾಯಿ ತೆರೆಯುವ ಮೊದಲೇ ಅರ್ಧ ಉತ್ತರವನ್ನು ಕಣ್ಣಿನಿಂದ ಪಡೆದಿರುತ್ತಾಳೆ. ಫ್ಲಾರೆನ್ಸ್ ನೈಟಿಂಗೇಲರು 1859ರಲ್ಲಿ ಹೊರತಂದ ಶುಶ್ರೂಷೆಯ ಪುಸ್ತಕದಲ್ಲಿ ರೋಗಿಯನ್ನು ಗಮನಿಸುವ ವಿಷಯಕ್ಕೇ ಒಂದು ಅಧ್ಯಾಯವಿದೆ. ಮನೆಯಲ್ಲಿ ಹಿರಿಯರ ಆರೈಕೆ ಮಾಡುವ ನಮಗೂ ಈ ವಿದ್ಯೆ ಅವಶ್ಯ.

ಮೊದಲು ಉಡುಗೆತೊಡುಗೆ. ರವಿಕೆ ಸಡಿಲವಾಗಿ, ಬಳೆಗಳು ಮೊಣಕೈಯತ್ತ ಜಾರುತ್ತಿದ್ದರೆ ಮೈ ಇಳಿದಿದೆಯೆಂದು ತಿಳಿಯಬೇಕು. ಉಂಗುರ, ಚಪ್ಪಲಿಗಳು ಬಿಗಿಯಾದರೆ ಬಾವು ಇರಬಹುದು. ಕಣಕಾಲನ್ನು ಬೆರಳಿನಿಂದ ಒತ್ತಿದಾಗ ಗುಳಿ ಉಳಿದರೆ ಅಲ್ಲಿ ನೀರು ತುಂಬಿದೆ.

ಎರಡನೆಯದು ಮೈಬಣ್ಣ. ಕಣ್ಣಿನ ಬಿಳಿಭಾಗ ಹಳದಿಯಾಗುವುದು ಕಾಮಾಲೆಯ ಸೂಚನೆ. ಕೆಳರೆಪ್ಪೆಯ ಒಳಭಾಗ ಬಿಳಿಚುವುದು ರಕ್ತಹೀನತೆಯ ಸೂಚನೆ. ಬಹುಕಾಲ ಮಲಗಿದವರ ಸೊಂಟದ ಹಿಂಭಾಗ ಅಥವಾ ಹಿಮ್ಮಡಿ ಕೆಂಪಾಗಿ, ಇಲ್ಲವೆ ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿ, ಒತ್ತಿದರೂ ಬಣ್ಣ ಮಾಸದಿದ್ದರೆ ಅದು ಹಾಸಿಗೆಹುಣ್ಣಿನ ಆರಂಭ. ತುಟಿ ನೀಲಿಯಾದರೆ, ಅಥವಾ ಸಕ್ಕರೆ ಕಾಯಿಲೆಯವರ ಉಸಿರಿಗೆ ಹಣ್ಣಿನ ವಾಸನೆ ಬಂದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಮೂರನೆಯದು ಶುಚಿತ್ವ. ನಾವು ಹೆಚ್ಚಾಗಿ ತಪ್ಪು ತಿಳಿಯುವುದು ಇಲ್ಲಿಯೇ. ತಲೆ ಬಾಚಿಕೊಳ್ಳದ ತಾಯಿಗೆ ತೋಳೆತ್ತಲು ಬಾರದಿರಬಹುದು. ಗುಂಡಿ ಹಾಕಿಕೊಳ್ಳದ ತಂದೆಯ ಬೆರಳುಗಳಿಗೆ ಸಂಧಿವಾತವಿರಬಹುದು. ಬಟ್ಟೆಗೆ ಮೂತ್ರದ ವಾಸನೆಯಿದ್ದರೆ, ಚಾಳಿನ ಆ ಕೊನೆಯ ಪಾಯಖಾನೆಯವರೆಗೆ ನಡೆಯುವ ಶಕ್ತಿ ಅವರಿಗಿದೆಯೇ ಎಂದು ನೋಡಬೇಕು. ಪಾರ್ಶ್ವವಾಯುವಿನ ತರುವಾಯ ಕೆಲವರು ಎಡಬದಿಯ ಅರಿವನ್ನೇ ಕಳೆದುಕೊಂಡು, ಮುಖದ ಬಲಬದಿಗೆ ಮಾತ್ರ ಕ್ಷೌರ ಮಾಡಿಕೊಳ್ಳುವುದುಂಟು. ಸದಾ ಅಚ್ಚುಕಟ್ಟಾಗಿದ್ದವರು ಸ್ನಾನವನ್ನೇ ಬಿಟ್ಟರೆ ಮನಸ್ಸಿನ ಖಿನ್ನತೆಯೋ ಮರೆವಿನ ರೋಗವೋ ಕಾರಣವಾಗಿರಬಹುದು. ಒಮ್ಮೊಮ್ಮೆ ಕಾರಣ ಇಷ್ಟೇ: ನಲ್ಲಿಯಲ್ಲಿ ನೀರು ಬಂದಿರುವುದಿಲ್ಲ.

ಆದುದರಿಂದ “ರೋಗಿ ಕೊಳಕಾಗಿದ್ದಾನೆ” ಎಂದು ತೀರ್ಪು ಕೊಡಬಾರದು. “ಮೂರು ದಿನದಿಂದ ಸ್ನಾನವಿಲ್ಲ, ಬಲತೋಳು ಎತ್ತಲು ನೋವು” ಎಂದು, ಕಂಡದ್ದನ್ನೂ ಕೇಳಿದ್ದನ್ನೂ ಇದ್ದಂತೆ ಬರೆದಿಟ್ಟು ವೈದ್ಯರಿಗೆ ತಿಳಿಸಬೇಕು. ಹೋದ ವಾರ ಹೇಗಿದ್ದರು, ಈಗ ಹೇಗಿದ್ದಾರೆ ಎಂದು ಹೋಲಿಸಿ ನೋಡುವುದು ಮುಖ್ಯ. ಒಂದೇ ಗುರುತಿನಿಂದ ರೋಗವನ್ನು ನಿರ್ಧರಿಸಲಾಗದು.

ಕೇಳುವಾಗ ಮಾತು ಮೆತ್ತಗಿರಲಿ. ಕೊಳೆಗಾಗಿ ಬೈಸಿಕೊಂಡ ರೋಗಿ ನಾಚಿಕೆಯಿಂದ ನಾಳೆ ಹುಣ್ಣನ್ನೂ ಮುಚ್ಚಿಡುತ್ತಾನೆ. ಮುಚ್ಚಿಟ್ಟ ಹುಣ್ಣು ಮಾಯುವುದಿಲ್ಲ. ಬಿಸಿನೀರು, ಒಗೆದ ಬಟ್ಟೆ, ಒಂದು ಒಳ್ಳೆಯ ಮಾತು ಇವಿಷ್ಟನ್ನು ಕೊಟ್ಟು, ಆಮೇಲೆ ಕಾರಣವನ್ನು ಹುಡುಕೋಣ.