ನೀರಿನ ಮಾತ್ರೆ ಸೇವಿಸುವವರು ತಿಳಿದಿರಬೇಕಾದ ಸಂಗತಿಗಳು

ಬೆಟ್ಟಕ್ಕೆ ಬರುವ ಹಿರಿಯರಲ್ಲಿ ಹೃದಯದ ತೊಂದರೆ, ಬಿ.ಪಿ. ಅಥವಾ ಮೂತ್ರಪಿಂಡದ ಕಾಯಿಲೆಗಾಗಿ ‘ನೀರಿನ ಮಾತ್ರೆ’ ನುಂಗುವವರು ಅನೇಕರಿದ್ದಾರೆ. ಬಸ್ಸಲ್ಲಿ ಪದೇ ಪದೇ ಮೂತ್ರಕ್ಕೆ ಇಳಿಯಬೇಕಾದೀತು ಎಂಬ ಸಂಕೋಚದಿಂದ ಕೆಲವರು ಯಾತ್ರೆ ಮುಗಿಯುವ ತನಕ ಆ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಹೃದಯ ದುರ್ಬಲವಾಗಿರುವವರು ಹೀಗೆ ಮಾಡಿದರೆ ಶ್ವಾಸಕೋಶದಲ್ಲಿ ನೀರು ತುಂಬಿ, ಅರ್ಧ ಮೆಟ್ಟಿಲಲ್ಲೇ ಉಸಿರು ಕಟ್ಟಬಹುದು. ಪ್ರಾಣಕ್ಕೇ ಅಪಾಯವಾಗಬಹುದು.

ಮಾತ್ರೆ ಮಾಡುವ ಕೆಲಸ: ಹೃದಯವು ರಕ್ತವನ್ನು ಸರಿಯಾಗಿ ನೂಕದಿದ್ದಾಗ ಮೂತ್ರಪಿಂಡಗಳು ಉಪ್ಪು, ನೀರು ಎರಡನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಆಗ ಕಾಲು ಬಾತುಕೊಳ್ಳುತ್ತದೆ, ಏದುಸಿರು ಬರುತ್ತದೆ. ಫ್ಯೂರೊಸೆಮೈಡ್ (ಲ್ಯಾಸಿಕ್ಸ್), ಟಾರ್ಸೆಮೈಡ್ ಮುಂತಾದ ಮಾತ್ರೆಗಳು ಉಪ್ಪನ್ನು ಮೂತ್ರದ ಮೂಲಕ ಹೊರಹಾಕುತ್ತವೆ, ಅದರ ಹಿಂದೆಯೇ ನೀರೂ ಹೋಗುತ್ತದೆ. ಫ್ಯೂರೊಸೆಮೈಡ್ ನುಂಗಿದ ಸುಮಾರು 1 ಗಂಟೆಯೊಳಗೆ ಕೆಲಸ ಶುರುವಾಗಿ 6ರಿಂದ 8 ಗಂಟೆ ಇರುತ್ತದೆ.

ಸಮಯ: ಸಾಮಾನ್ಯವಾಗಿ ಬೆಳಿಗ್ಗೆ ತೆಗೆದುಕೊಳ್ಳಬೇಕು. ಎರಡು ಹೊತ್ತು ಬರೆದಿದ್ದರೆ ಎರಡನೆಯದನ್ನು ಮಧ್ಯಾಹ್ನವೇ ಮುಗಿಸಿದರೆ ರಾತ್ರಿ ನಿದ್ದೆ ಕೆಡುವುದಿಲ್ಲ, ಕತ್ತಲಲ್ಲಿ ಎದ್ದು ಬೀಳುವ ಭಯವೂ ಇಲ್ಲ. ಪ್ರಯಾಣದ ದಿನ ಮಾತ್ರೆ ಬಿಡುವ ಬದಲು, ತಂಗುವ ಜಾಗ ಸೇರಿದ ಮೇಲೆ ನುಂಗಬಹುದೇ ಎಂದು ಹೊರಡುವ ಮುಂಚೆಯೇ ಡಾಕ್ಟರನ್ನು ಕೇಳಿಕೊಳ್ಳಿ. ಮರೆತು ಹೋಯ್ತು ಅಂತ ಎರಡು ಮಾತ್ರೆ ಒಟ್ಟಿಗೆ ನುಂಗಬಾರದು.

ತೂಕ ಮತ್ತು ಉಪ್ಪು: ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದು, ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಿ. 1 ಲೀಟರ್ ನೀರೆಂದರೆ 1 ಕಿಲೋ ತೂಕ. ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ತಡಮಾಡದೆ ಡಾಕ್ಟರಿಗೆ ತಿಳಿಸಿ. ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಹೆಚ್ಚು ತಿಂದರೆ ಮಾತ್ರೆಯ ಕೆಲಸ ನೀರಲ್ಲಿ ಹೋಮ ಮಾಡಿದಂತೆ.

ಎಳನೀರು, ಬಾಳೆಹಣ್ಣು: ಫ್ಯೂರೊಸೆಮೈಡ್ ದೇಹದ ಪೊಟ್ಯಾಸಿಯಂ ಕಡಿಮೆ ಮಾಡುತ್ತದೆ. ಅದು ತೀರಾ ಇಳಿದರೆ ಕಾಲು ಸೆಳೆತ, ನಿಶ್ಶಕ್ತಿ, ಎದೆಬಡಿತದಲ್ಲಿ ಏರುಪೇರು ಆಗುತ್ತದೆ. ಸ್ಪಿರೊನೊಲ್ಯಾಕ್ಟೋನ್ ಎಂಬ ಇನ್ನೊಂದು ಮಾತ್ರೆ ಇದಕ್ಕೆ ತದ್ವಿರುದ್ಧ, ಪೊಟ್ಯಾಸಿಯಂ ಏರಿಸುತ್ತದೆ. ಒಬ್ಬರಿಗೆ ಒಳ್ಳೆಯದಾದ ಎಳನೀರು ಇನ್ನೊಬ್ಬರಿಗೆ ಕೆಡುಕಾಗುವುದು ಹೀಗೆ. ‘ಸೋಡಿಯಂ ಕಡಿಮೆ’ ಎಂದು ಮಾರುವ ಉಪ್ಪಿನಲ್ಲೂ ಪೊಟ್ಯಾಸಿಯಂ ಇರುತ್ತದೆ. ಆದ್ದರಿಂದ ಪಕ್ಕದವರ ಮಾತ್ರೆ ಈಸಿಕೊಂಡು ನುಂಗಬೇಡಿ. ಡಾಕ್ಟರು ಹೇಳಿದಾಗ ರಕ್ತ ಪರೀಕ್ಷೆ ತಪ್ಪಿಸಬೇಡಿ.

ಮಂಡಿನೋವಿನ ಮಾತ್ರೆ: ಹತ್ತಿ ಇಳಿದ ಮೇಲೆ ಮಂಡಿ ನೋವೆಂದು ಅಂಗಡಿಯಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೊಂಡು ನುಂಗುವವರುಂಟು. ಇವು ನೀರನ್ನು ಮತ್ತೆ ತಡೆಹಿಡಿಯುತ್ತವೆ. ಎನಾಲಪ್ರಿಲ್, ಟೆಲ್ಮಿಸಾರ್ಟಾನ್‌ನಂಥ ಬಿ.ಪಿ. ಮಾತ್ರೆಯೂ ಜೊತೆಗಿದ್ದರೆ ಮೂತ್ರಪಿಂಡಕ್ಕೇ ಪೆಟ್ಟು ಬೀಳಬಹುದು. ನೋವಿಗೆ ಯಾವುದು ಆಗುತ್ತದೆಂದು ಮೊದಲೇ ಕೇಳಿಟ್ಟುಕೊಳ್ಳಿ.

ವಾಂತಿ, ಭೇದಿ, ಉಪವಾಸ: ವಾಂತಿ ಭೇದಿಯಾದಾಗ ಮೈಯಲ್ಲಿ ನೀರು ಮೊದಲೇ ಕಡಿಮೆಯಿರುತ್ತದೆ. ಆಗ ಮಾತ್ರೆ ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ಅಂದೇ ಡಾಕ್ಟರನ್ನು ಕೇಳಬೇಕು. ಈ ಮಾತ್ರೆ ನುಂಗುವವರು ನೀರೂ ಕುಡಿಯದೆ ಉಪವಾಸ ಮಾಡುವುದು ಬೇಡ. ಹಾಗಂತ ಲೀಟರ್‌ಗಟ್ಟಲೆ ಕುಡಿಯುವುದೂ ಸಲ್ಲ. ದಿನಕ್ಕೆ ಇಷ್ಟೇ ಎಂದು ಡಾಕ್ಟರು ಹೇಳಿದ್ದರೆ ಅಷ್ಟೇ. ಕೂತಲ್ಲಿಂದ ನಿಧಾನವಾಗಿ ಏಳಿ. ತಲೆ ತಿರುಗಿದರೆ ಅಲ್ಲೇ ಕುಳಿತುಕೊಳ್ಳಿ.

ಎಲ್ಲ ಊತಕ್ಕೂ ಇದೇ ಮದ್ದಲ್ಲ: ಅಮ್ಲೋಡಿಪಿನ್ ಎಂಬ ಬಿ.ಪಿ. ಮಾತ್ರೆಯಿಂದಲೂ ಪಾದ ಬಾತುಕೊಳ್ಳುತ್ತದೆ. ಅದಕ್ಕೆ ಡಾಕ್ಟರು ಆ ಮಾತ್ರೆಯನ್ನೇ ಬದಲಿಸಬಹುದು. ಒಂದೇ ಕಾಲು ಬಾತು ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅಂದೇ ಆಸ್ಪತ್ರೆಗೆ ಹೋಗಬೇಕು.

ಮಲಗಿದರೆ ಉಸಿರು ಕಟ್ಟುವುದು, ಎದೆನೋವು, ಪ್ರಜ್ಞೆ ತಪ್ಪುವುದು ಕಂಡರೆ ಮುಂದೆ ಹತ್ತಿಸಬೇಡಿ. ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ (ಪ್ರಜ್ಞೆ ತಪ್ಪಿದ್ದರೆ ಪಕ್ಕಕ್ಕೆ ಮಲಗಿಸಿ), 108ಕ್ಕೆ ಫೋನ್ ಮಾಡಿ. ಮಾತ್ರೆಗಳ ಹೆಸರು, ಪ್ರಮಾಣ, ಮನೆಯವರ ಫೋನ್ ನಂಬರು ಬರೆದ ಚೀಟಿ ಸದಾ ಜೇಬಿನಲ್ಲೋ ಪರ್ಸಿನಲ್ಲೋ ಇರಲಿ. ದರ್ಶನಕ್ಕೆ ತುಸು ತಡವಾದರೂ ಚಿಂತೆಯಿಲ್ಲ, ಆ ದಿನದ ಮಾತ್ರೆ ತಪ್ಪದಿರಲಿ.