ರಜೆ ಇಲ್ಲದ ಬಾಣಂತಿ ಮತ್ತು ಕೂಸಿನ ಹಾಲು

ಹೆರಿಗೆಯಾದ ಎಷ್ಟು ದಿನಕ್ಕೆ ಕೆಲಸಕ್ಕೆ ಹೋಗಬಹುದು? ಇದು ಬಾಣಂತಿಯರು ಮೇಲಿಂದ ಮೇಲೆ ಕೇಳುವ ಪ್ರಶ್ನೆ.

ಮಗುವಿಗೆ ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕು, ನೀರೂ ಬೇಡ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳಿಗೆ 12 ವಾರವಿದ್ದ ಸಂಬಳಸಹಿತ ರಜೆ 26 ವಾರಕ್ಕೆ ಏರಿತು. ಇದರಲ್ಲಿ 8 ವಾರದವರೆಗೆ ಹೆರಿಗೆಗೆ ಮೊದಲೇ ಪಡೆಯಬಹುದು. ಆದರೆ ಹಾಗೆ ಪಡೆದರೆ ಮಗುವಿನ ಪಾಲಿಗೆ ಉಳಿಯುವುದು 18 ವಾರ, ಅಂದರೆ ಸುಮಾರು ನಾಲ್ಕು ತಿಂಗಳು ಮಾತ್ರ. ಆರೋಗ್ಯ ಚೆನ್ನಾಗಿದ್ದವರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳುವುದು ಒಳ್ಳೆಯದು.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಅಡಿಕೆ ಸುಲಿಯಲು, ತೋಟದ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಹಾಜರಿ ಪುಸ್ತಕವೇ ಇಲ್ಲ; ಇನ್ನು ರಜೆ ಎಲ್ಲಿಂದ ಬರಬೇಕು? ಸುಲಿದಷ್ಟಕ್ಕೆ ಕೂಲಿ. ಕೊಯ್ಲಿನ ಕಾಲದ ದುಡಿಮೆ ತಪ್ಪಿದರೆ ವರ್ಷದ ಖರ್ಚಿನ ಲೆಕ್ಕವೇ ತಪ್ಪುತ್ತದೆ. ಹಾಗಾಗಿ ಬಾಣಂತನ ಮುಗಿಯುವ ಮೊದಲೇ ಅವರು ಮೆಟ್ಟುಗತ್ತಿಯ ಮುಂದೆ ಕೂರುತ್ತಾರೆ. ಮನೆಯಲ್ಲಿ ಕೂಸಿಗೆ ನೀರು ಬೆರೆಸಿದ ಹಸುವಿನ ಹಾಲು, ಬಾಟಲಿ; ಅದರ ಹಿಂದೆಯೇ ಭೇದಿ. ಇತ್ತ ತಾಯಿಗೆ ಹಾಲು ಕಟ್ಟಿ ನೋವು, ಜ್ವರ. ಎದೆ ಖಾಲಿಯಾಗದಿದ್ದರೆ ಹಾಲು ಕ್ರಮೇಣ ಕಡಿಮೆಯಾಗುತ್ತದೆ.

ಇದಕ್ಕೆ ಪರಿಹಾರವಿದೆ. ಕೆಲಸಕ್ಕೆ ಹೊರಡುವ ಮುನ್ನ ಕೈ ತೊಳೆದು, ಕುದಿಸಿದ ಸ್ಟೀಲ್ ಪಾತ್ರೆಗೆ ಹಾಲು ಹಿಂಡಿ ಮುಚ್ಚಿಡಿ. ತಂಪಾದ ಜಾಗದಲ್ಲಿ ಅದು 4 ಗಂಟೆ ಕೆಡದು. ಫ್ರಿಜ್‌ನಲ್ಲಿ 4 ದಿನ ಇರುತ್ತದೆ. ಅದನ್ನು ಒಲೆಯ ಮೇಲೆ ಕಾಯಿಸಬೇಡಿ. ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿದರೆ ಸಾಕು. ಕುಡಿಸಲು ಅಜ್ಜಿಯರ ಕಾಲದ ಒಳಲೆಯೇ ಸಾಕು, ಅದನ್ನೂ ಕುದಿಸಿರಬೇಕು. ಬಾಟಲಿ ಬೇಡ. ಕೆಲಸದ ಜಾಗದಲ್ಲಿಯೂ ಮೂರು ಗಂಟೆಗೊಮ್ಮೆ ಹಾಲು ಹಿಂಡಿದರೆ ಎದೆ ಗಟ್ಟಿಯಾಗದು. ಹೆರಿಗೆಯ ನಂತರ 180 ದಿನ ಕಬ್ಬಿಣಾಂಶದ ಮಾತ್ರೆ ತಪ್ಪಿಸಬಾರದು.

ತೋಟದ ಯಜಮಾನರಿಗೂ ಒಂದು ಮಾತು. ಕಾಯ್ದೆಯಡಿ ಬರುವ ಕಡೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡಿಸಲು ಬಿಡುವು ಕೊಡಬೇಕು. ನಿಮ್ಮ ಅಂಗಳಕ್ಕೆ ಆ ಕಾಯ್ದೆ ಬರದಿರಬಹುದು, ಬಿಡುವು ಬರಬಹುದಲ್ಲ? ಅಡಿಕೆ ಬೇಯಿಸುವ ಹೊಗೆಯಿಂದ ದೂರದಲ್ಲಿ ಒಂದು ಜೋಲಿ ಕಟ್ಟಲು ಜಾಗ ಕೊಡಿ. ಆರು ತಿಂಗಳು ದಾಟಿದ ಮಕ್ಕಳಿಗೆ, 2023ರಲ್ಲಿ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ಆರಂಭಿಸಿದ ‘ಕೂಸಿನ ಮನೆ’ ನಿಮ್ಮೂರಲ್ಲಿ ಇದೆಯೇ ಎಂದು ವಿಚಾರಿಸಿ.

ಎದೆ ಕೆಂಪಾಗಿ ಜ್ವರ ಬಂದರೆ ಹಾಲೂಡಿಸುವುದನ್ನು ನಿಲ್ಲಿಸಬೇಡಿ; ಅದೇ ದಿನ ವೈದ್ಯರನ್ನು ಕಾಣಿರಿ.