ಹಳೆಯ ಮೋಟಾರಿಗೆ ಶುದ್ಧ ಡೀಸೆಲ್ ಹಿತವೋ ಅಹಿತವೋ?



ಕಳೆದ ವರ್ಷ ಒಂಬತ್ತನೆಯ ತರಗತಿಯಲ್ಲಿ ನಾವು ಗಂಧಕದ ವಿಷಯವನ್ನು ಬೋಧಿಸುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, "ಸರ್, ಡೀಸೆಲ್ ಎಣ್ಣೆಯಿಂದ ಗಂಧಕವನ್ನು ತೆಗೆದರೆ ಹಳೆಯ ಇಂಜಿನ್ ಕೆಡುತ್ತದೆಯಂತೆ, ಹೌದೇ?" ಎಂದು ಕೇಳಿದನು. ಅವನ ತಂದೆಯವರ ಬಳಿ 2004ರಲ್ಲಿ ತಯಾರಾದ ಡೀಸೆಲ್ ಕಾರೊಂದು ಇದೆ. ಬೇಸಗೆಯ ರಜೆಯಲ್ಲಿ ಆ ಕುಟುಂಬವು ಮುಂಬಯಿಯಿಂದ ಕುಂದಾಪುರಕ್ಕೆ ಹೋಗಿಬರುವುದು ಅದರಲ್ಲಿಯೇ. ಅದರ ಪಂಪಿನಿಂದ ಎಣ್ಣೆ ಜಿನುಗತೊಡಗಿತ್ತು. ಗ್ಯಾರೇಜಿನವರು, "ಈಗಿನ ಡೀಸೆಲ್ ಒಣ, ಪಂಪನ್ನೇ ತಿಂದುಹಾಕಿದೆ, ಹೊಸದು ಹಾಕಿಸಿ, ಮುಂದೆ ಟ್ಯಾಂಕಿಗೆ ಸ್ವಲ್ಪ ಇಂಜಿನ್ ಆಯಿಲ್ ಬೆರೆಸಿ" ಎಂದಿದ್ದರು. ಹೊಸ ಪಂಪಿನ ಬೆಲೆಯು ಅವನ ತಂದೆಯವರ ಒಂದು ತಿಂಗಳ ಸಂಬಳವನ್ನು ಮೀರುತ್ತಿತ್ತು.

ನಾವು ಹಿಂದುಮುಂದು ಯೋಚಿಸದೆ, "ಹೌದು, ಎಣ್ಣೆಗೆ ಜಿಡ್ಡಿನ ಗುಣವನ್ನು ಕೊಡುವುದು ಗಂಧಕವೇ" ಎಂದುಬಿಟ್ಟೆವು. ಆ ಉತ್ತರವು ತಪ್ಪಾಗಿತ್ತು. ಅದನ್ನು ತಿದ್ದುವುದಕ್ಕಾಗಿಯೇ ಈ ಲೇಖನ.

ಭೂಗರ್ಭದಿಂದ ತೆಗೆದ ಕಚ್ಚಾ ಎಣ್ಣೆಯಲ್ಲಿ ಗಂಧಕವು ಸ್ವಭಾವತಃ ಬೆರೆತಿರುತ್ತದೆ. ಉರಿದಾಗ ಅದು ಗಂಧಕದ ಡೈಆಕ್ಸೈಡ್ ಅನಿಲವಾಗಿ ಹೊರಬಿದ್ದು ನಮ್ಮ ಶ್ವಾಸಕೋಶಗಳನ್ನು ಸೇರುತ್ತದೆ. ಹೊಸ ಗಾಡಿಗಳಲ್ಲಿ ಹೊಗೆಯನ್ನು ಶುದ್ಧಿಮಾಡುವ ಉಪಕರಣಗಳನ್ನೂ ಅದು ಕೆಡಿಸುತ್ತದೆ. ಆದುದರಿಂದ ಸರಕಾರವು ಗಂಧಕದ ಮಿತಿಯನ್ನು ಹಂತಹಂತವಾಗಿ ಇಳಿಸುತ್ತ ಬಂದಿತು. ಮುಂಬಯಿಯಲ್ಲಿ 2001ರಲ್ಲಿ ಡೀಸೆಲ್‌ನ ಹತ್ತು ಲಕ್ಷ ಭಾಗಗಳಲ್ಲಿ 500 ಭಾಗದಷ್ಟು ಗಂಧಕವಿರಬಹುದಾಗಿತ್ತು. 2005ರಲ್ಲಿ ಅದು 350ಕ್ಕೂ, 2010ರಲ್ಲಿ 50ಕ್ಕೂ ಇಳಿಯಿತು. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಕೇವಲ 10 ಭಾಗ. ಎಂದರೆ ಮೇಲೆ ಹೇಳಿದ ಕಾರು ಇಷ್ಟೂ ಬಗೆಯ ಎಣ್ಣೆಯನ್ನು ಕುಡಿದಿದೆ! 2020ರಿಂದ ಈಚೆಗೆ ಅದು ಓಡಿರುವುದೆಲ್ಲ ಅತಿ ಶುದ್ಧವಾದ ಎಣ್ಣೆಯಿಂದಲೇ ಎಂಬುದು ನಮಗಾಗಲಿ ಗ್ಯಾರೇಜಿನವರಿಗಾಗಲಿ ಆಗ ಹೊಳೆಯಲಿಲ್ಲ.

ಗಂಧಕವನ್ನು ತೆಗೆಯುವ ಬಗೆ ಹೇಗೆ? ಚೆಂಬೂರಿನ ಕಡೆಯಿಂದ ಬರುವ ಮಕ್ಕಳು ಮಾಹುಲ್‌ನ ಎಣ್ಣೆ ಶುದ್ಧೀಕರಣ ಕಾರಖಾನೆಗಳ ಎತ್ತರವಾದ ಚಿಮಣಿಗಳನ್ನು ನೋಡಿಯೇ ಇರುತ್ತಾರೆ. ಇಂತಹ ಕಾರಖಾನೆಗಳಲ್ಲಿ ಹೆಚ್ಚಿನ ಉಷ್ಣತೆ ಮತ್ತು ಒತ್ತಡದಲ್ಲಿ ಎಣ್ಣೆಯೊಡನೆ ಜಲಜನಕವನ್ನು ಬೆರೆಸಿ, ಕೋಬಾಲ್ಟ್ ಮತ್ತು ಮಾಲಿಬ್ಡಿನಮ್‌ಗಳುಳ್ಳ ಪ್ರಚೋದಕದ ಮೇಲೆ ಹಾಯಿಸುತ್ತಾರೆ. ಗಂಧಕವು ಜಲಜನಕದೊಡನೆ ಕೂಡಿ ಕೊಳೆತ ಮೊಟ್ಟೆಯ ವಾಸನೆಯ ಅನಿಲವಾಗಿ ಬೇರ್ಪಡುತ್ತದೆ. ಆದರೆ ಈ ಕ್ರಿಯೆಯಲ್ಲಿ ಗಂಧಕವೊಂದೇ ಹೋಗುವುದಿಲ್ಲ. ಆಮ್ಲಜನಕ, ಸಾರಜನಕಗಳನ್ನೊಳಗೊಂಡ ಕೆಲವು ಸಂಯುಕ್ತಗಳೂ ನಾಶವಾಗುತ್ತವೆ. ಲೋಹದ ಮೈಗೆ ಅಂಟಿಕೊಂಡು ಸವೆತವನ್ನು ತಡೆಯುತ್ತಿದ್ದುದು ಮುಖ್ಯವಾಗಿ ಇವೇ! ಗಂಧಕಕ್ಕೆ ಆ ಕೀರ್ತಿಯನ್ನು ಕೊಟ್ಟುದು ನಮ್ಮ ತಪ್ಪು.

ಈ ಜಿಡ್ಡಿನ ಗುಣ ಏಕೆ ಬೇಕೆಂದರೆ, ಕಾರುಗಳ ಅನೇಕ ಡೀಸೆಲ್ ಪಂಪುಗಳಿಗೆ ಬೇರೆ ಎಣ್ಣೆಯನ್ನು ಹಾಕುವುದಿಲ್ಲ. ಒಳಗೆ ಹರಿಯುವ ಡೀಸೆಲ್ ಎಣ್ಣೆಯೇ ಅವುಗಳ ಭಾಗಗಳನ್ನು ನುಣುಪಾಗಿ ಇಡಬೇಕು. ಆ ಭಾಗಗಳ ನಡುವಣ ಸಂದು ಕೂದಲೆಳೆಗಿಂತ ಎಷ್ಟೋ ಪಟ್ಟು ಕಿರಿದು. ಸ್ವೀಡನ್ ದೇಶದಲ್ಲಿ 1990ರ ದಶಕದ ಆರಂಭದಲ್ಲಿ ಅತಿ ಶುದ್ಧ ಡೀಸೆಲ್ ಬಳಕೆಗೆ ಬಂದಾಗ ಇಂತಹ ಪಂಪುಗಳು ಬೇಗನೆ ಸವೆದು ಕೆಟ್ಟವು. ಆದುದರಿಂದ ಭಯಕ್ಕೆ ಆಧಾರವೇ ಇರಲಿಲ್ಲವೆಂದು ಹೇಳುವಂತಿಲ್ಲ. ಆದರೆ ಪರಿಹಾರವೂ ಬೇಗನೆ ದೊರೆಯಿತು. ಜಿಡ್ಡಿನ ಗುಣವುಳ್ಳ ದ್ರವ್ಯವನ್ನು ಅತ್ಯಲ್ಪ ಪ್ರಮಾಣದಲ್ಲಿ ಎಣ್ಣೆಗೆ ಸೇರಿಸಿದರೆ ಸಾಕಾಗುತ್ತಿತ್ತು. ಅದು ಸಾಕಷ್ಟಿದೆಯೇ ಎಂದು ಪರೀಕ್ಷಿಸುವ ವಿಧಾನವೂ ಸ್ವಾರಸ್ಯವಾಗಿದೆ. 60 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ಡೀಸೆಲ್‌ನಲ್ಲಿ ಮುಳುಗಿಸಿದ ಉಕ್ಕಿನ ಬಿಲ್ಲೆಯ ಮೇಲೆ ಚಿಕ್ಕ ಉಕ್ಕಿನ ಗುಂಡನ್ನು 75 ನಿಮಿಷ ಉಜ್ಜುತ್ತಾರೆ. ಅನಂತರ ಗುಂಡಿನ ಮೇಲಿನ ಸವೆತದ ಗಾಯವನ್ನು ಅಳೆಯುತ್ತಾರೆ. ನಮ್ಮ ದೇಶದ ನಿಯಮದಂತೆ ಅದು 460 ಮೈಕ್ರಾನ್, ಅರ್ಥಾತ್ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಕಡಮೆ, ಇದನ್ನು ಮೀರಕೂಡದು. ಪಂಪಿನಲ್ಲಿ ನಮಗೆ ದೊರೆಯುವ ಎಣ್ಣೆಗೂ ಇದೇ ನಿಯಮ.

ಹಾಗಾದರೆ ಎಣ್ಣೆ ಜಿನುಗಿದ್ದೇಕೆ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1993ರಲ್ಲಿ ಡೀಸೆಲ್‌ನ ಗಂಧಕವನ್ನೂ ಆರೊಮ್ಯಾಟಿಕ್ ಎಂಬ ಸಂಯುಕ್ತಗಳನ್ನೂ ಕಡಮೆ ಮಾಡಿದಾಗ ಅನೇಕ ಹಳೆಯ ಗಾಡಿಗಳ ಪಂಪುಗಳು ಸೋರಿದವು. ಆರೊಮ್ಯಾಟಿಕ್‌ಗಳನ್ನು ಹೀರಿ ಉಬ್ಬಿದ್ದ ನೈಟ್ರೈಲ್ ರಬ್ಬರಿನ ಉಂಗುರಗಳು ಹೊಸ ಎಣ್ಣೆಯಲ್ಲಿ ಕುಗ್ಗಿದ್ದೇ ಕಾರಣ. ಹೊಸ ಉಂಗುರಗಳನ್ನು, ವಿಶೇಷವಾಗಿ ಫ್ಲೋರಿನ್ ಬೆರೆತ ರಬ್ಬರಿನವನ್ನು, ಹಾಕಿದಾಗ ಸೋರಿಕೆ ನಿಂತಿತು. ವಯಸ್ಸಾದಂತೆ ರಬ್ಬರು ತಾನೇ ಗಟ್ಟಿಯಾಗಿ ಬಿರಿಯುವುದೂ ಉಂಟು. ಇಪ್ಪತ್ತು ವರ್ಷದ ಕಾರಿನಲ್ಲಿ ಎಣ್ಣೆಯೊಂದನ್ನೇ ದೂರುವುದು ನ್ಯಾಯವಲ್ಲ.

ಟ್ಯಾಂಕಿಗೆ ಇಂಜಿನ್ ಆಯಿಲ್ ಬೆರೆಸುವುದು ಬೇಡ. ಅದರಲ್ಲಿರುವ ಲೋಹಾಂಶಗಳು ಉರಿದು ಬೂದಿಯಾಗಿ ಉಳಿಯುತ್ತವೆ. ಸೀಮೆಎಣ್ಣೆಯನ್ನಂತೂ ಸೇರಿಸಲೇಬಾರದು, ತೆಳುವಾದ ಅದು ಸವೆತವನ್ನು ಹೆಚ್ಚಿಸುತ್ತದೆ. ಶುದ್ಧ ಡೀಸೆಲ್‌ನಿಂದ ಹಳೆಯ ಇಂಜಿನಿಗೆ ಒಂದು ಲಾಭವೂ ಇದೆ: ಒಳಗೆ ಗಂಧಕಾಮ್ಲವು ಕಡಮೆ ಹುಟ್ಟುವುದರಿಂದ ಲೋಹವೂ ಇಂಜಿನ್ ಆಯಿಲೂ ಹೆಚ್ಚು ಕಾಲ ಬಾಳುತ್ತವೆ.

ಮುಂದಿನ ವಾರವೇ ನಾವು ತರಗತಿಯಲ್ಲಿ ನಮ್ಮ ತಪ್ಪನ್ನು ಒಪ್ಪಿಕೊಂಡು ಇದನ್ನೆಲ್ಲ ವಿವರಿಸಿದೆವು. ಅದೃಷ್ಟವಶಾತ್ ಪಂಪನ್ನು ಇನ್ನೂ ಕೊಂಡಿರಲಿಲ್ಲ. ಹುಡುಗನ ತಂದೆಯವರು ಬೇರೊಬ್ಬ ಮೆಕ್ಯಾನಿಕ್‌ನಿಂದ ಬಿಚ್ಚಿಸಿ ನೋಡಿದಾಗ ಪಂಪಿನ ಲೋಹದ ಭಾಗಗಳು ಚೆನ್ನಾಗಿಯೇ ಇದ್ದವು, ಉಂಗುರಗಳನ್ನಷ್ಟೇ ಬದಲಾಯಿಸಿದರು. ಮೇ ತಿಂಗಳಿನಲ್ಲಿ ಕಾರು ಕುಂದಾಪುರಕ್ಕೆ ಹೋಗಿಬಂದಿತು. ಬಿರಿದ ಹಳೆಯ ಉಂಗುರವೊಂದನ್ನು ಆ ಹುಡುಗನು ನಮಗೆ ತಂದುಕೊಟ್ಟಿದ್ದಾನೆ. ಅದು ವಿಜ್ಞಾನ ಕೊಠಡಿಯ ಗಾಜಿನ ಕಪಾಟಿನಲ್ಲಿದೆ. ಬೇಕಾದವರು ಬಂದು ನೋಡಬಹುದು.